ಬೆನ್ನು ಬಿಗಿತ: ಎಕ್ಸ್-ರೇ ಏನು ಹೇಳುತ್ತದೆ?



ಸಂಘದ ಸಭೆಯಲ್ಲಿ ಬೆನ್ನುನೋವಿನ ಮಾತು ಬಂದರೆ "ವಯಸ್ಸಾಯ್ತು, ಇನ್ನೇನು" ಅಂತ ಸುಮ್ಮನಾಗುತ್ತೇವೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರಿಗೆ, ಚಿಂತಾಮಣಿಯಲ್ಲಿ ಟೊಮ್ಯಾಟೊ ಕೀಳುವವರಿಗೆ ದುಡಿದು ಬಂದ ನೋವು ಮಲಗಿದರೆ ಕಡಿಮೆಯಾಗುತ್ತದೆ. ಆದರೆ ಮಲಗಿದಾಗಲೇ ಹೆಚ್ಚಾಗಿ, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬೆನ್ನು ಬಿಗಿದು, ಓಡಾಡಿದರೆ ಸಡಿಲವಾಗುವ ನೋವು 3 ತಿಂಗಳು ದಾಟಿದೆಯೇ? ಅದು ಬೆನ್ನುಮೂಳೆಯ ಉರಿಯೂತದ ಸಂಧಿವಾತ ಇರಬಹುದು. ಇದು ಹೆಚ್ಚಾಗಿ 45 ವರ್ಷದೊಳಗೇ, ಗಂಡಸರಿಗೂ ಹೆಂಗಸರಿಗೂ ಶುರುವಾಗುತ್ತದೆ.

ಇದರಲ್ಲಿ ಬಗೆಗಳಿವೆ. ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಎರಡು ಕೀಲುಗಳನ್ನು ವೈದ್ಯರು ಎಕ್ಸ್-ರೇಯಲ್ಲಿ ಮೊದಲು ನೋಡುತ್ತಾರೆ.

* ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್: ಎರಡೂ ಕೀಲುಗಳು ಸಮನಾಗಿ ಸವೆದು, ಕ್ರಮೇಣ ಬೆಸೆದುಕೊಳ್ಳುತ್ತವೆ. ಬಹಳ ವರ್ಷಗಳ ಮೇಲೆ ಬೆನ್ನುಮೂಳೆ ಬಿದಿರಿನ ಗಳದಂತೆ ಕಾಣಬಹುದು.
* ಸೋರಿಯಾಸಿಸ್ ಸಂಧಿವಾತ: ಚರ್ಮದಲ್ಲಿ ಹೊಟ್ಟೇಳುವ ಸೋರಿಯಾಸಿಸ್ ಜೊತೆ ಬರುವಂಥದ್ದು. ಹಲವು ಸಲ ಒಂದು ಪಕ್ಕಕ್ಕೆ ಹೆಚ್ಚು; ಮೂಳೆಯ ಬೆಳವಣಿಗೆ ದಪ್ಪವಾಗಿ, ಅಲ್ಲಲ್ಲಿ ಕಾಣುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ಮಾತು ಮರೆಯಬಾರದು. ಚಿಕ್ಕಬಳ್ಳಾಪುರ ಜಿಲ್ಲೆಯ ಹಲವು ಊರುಗಳ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಇಂಥ ನೀರನ್ನು ವರ್ಷಾನುಗಟ್ಟಲೆ ಕುಡಿದರೂ ಬೆನ್ನು, ಕುತ್ತಿಗೆ ಬಿಗಿಯುತ್ತದೆ. ಇದು ಫ್ಲೋರೋಸಿಸ್, ಸಂಧಿವಾತ ಅಂತ ತಪ್ಪು ತಿಳಿಯುವುದು ಸುಲಭ. ಎಕ್ಸ್-ರೇಯಲ್ಲಿ ಮೂಳೆಗಳು ಅತಿ ಬೆಳ್ಳಗೆ, ಗಟ್ಟಿಯಾಗಿ ಕಾಣುತ್ತವೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯೂ ಸುಣ್ಣಗಟ್ಟಿರಬಹುದು. ಆದ್ದರಿಂದ ಮುಂಗೈ ಎಕ್ಸ್-ರೇ ಕೂಡ ಉಪಯೋಗಕ್ಕೆ ಬರುತ್ತದೆ.

ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಸಂಧಿವಾತಕ್ಕೆ ವ್ಯಾಯಾಮ, ಔಷಧಿ ಬೇಕು. ಫ್ಲೋರೋಸಿಸ್‌ಗೆ ಮೊದಲು ನೀರು ಬದಲಾಗಬೇಕು. ಮಾತ್ರೆ ನುಂಗುತ್ತಾ ಅದೇ ನೀರು ಕುಡಿದರೆ ಏನು ಬಂತು? ಜ್ವರ, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು, ತಡ ಮಾಡಬೇಡಿ.

ಒಂದು ಎಚ್ಚರಿಕೆ: ಶುರುವಿನಲ್ಲಿ ಎಕ್ಸ್-ರೇ ಸರಿಯಾಗಿಯೇ ಇರಬಹುದು. ಮೂಳೆಯ ಬದಲಾವಣೆ ಕಾಣಲು ವರ್ಷಗಳೇ ಬೇಕಾಗುತ್ತವೆ. "ಏನೂ ಇಲ್ಲ" ಅಂದರೂ ನೋವು ಬಿಡದಿದ್ದರೆ ಎಂ.ಆರ್.ಐ. ಬೇಕೇ ಎಂದು ಕೇಳಿ.

ನೀವು ಮಾಡಬೇಕಾದ್ದು:

1. ಹಳೆಯ ಎಕ್ಸ್-ರೇ ಫಿಲ್ಮ್ ಬಿಸಾಡಬೇಡಿ. ಹೊಸದರ ಜೊತೆ ಹೋಲಿಸಲು ಬೇಕು.
2. ಯಾವ ನೀರು ಕುಡಿಯುತ್ತೀರಿ, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಇದೆಯೇ, ವೈದ್ಯರಿಗೆ ಹೇಳಿ.
3. ಬಸುರಿಯಾಗಿದ್ದರೆ, ಅನುಮಾನವಿದ್ದರೂ, ಎಕ್ಸ್-ರೇಗೆ ಮುಂಚೆ ತಿಳಿಸಿ.
4. ಸಂಘದಿಂದ ಅರ್ಜಿ ಕೊಟ್ಟು ಊರಿನ ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಮುಂದಿನ ಸಭೆಯಲ್ಲಿ ಒಬ್ಬರನ್ನೊಬ್ಬರು ಕೇಳಿ: ಬೆಳಿಗ್ಗೆ ಎದ್ದಾಗ ನಿಮ್ಮ ಬೆನ್ನು ಹೇಗಿರುತ್ತದೆ?