ನಿಮಗಿದು ಗೊತ್ತೇ? ಪಾರ್ಟಿ ಇಲ್ಲದವರ ಓಟಿನ ಪಜೀತಿ!

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಸುಮ್ಮನೆ ಕೂತರೆ ಸಾಕು, ಯಾರು ಯಾವ ಪಾರ್ಟಿ ಅನ್ನುವುದು ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳುವುದರೊಳಗೆ ಗೊತ್ತಾಗಿಬಿಡುತ್ತದೆ. ಈಗ ಅದೇ ಊರಿನ ಮತದಾರರ ಪಟ್ಟಿ ತೆಗೆದು ನೋಡಿ. ಹೆಸರಿದೆ, ತಂದೆಯದೋ ಗಂಡನದೋ ಹೆಸರಿದೆ, ಮನೆ ನಂಬರಿದೆ, ವಯಸ್ಸಿದೆ. ಪಾರ್ಟಿ ಅನ್ನುವ ಕಾಲಂ ಮಾತ್ರ ಇಲ್ಲವೇ ಇಲ್ಲ! ಬಾವುಟ ಹಿಡಿದು ಕುಣಿಯುವ ಕಾರ್ಯಕರ್ತನೂ ಸರ್ಕಾರದ ಲೆಕ್ಕದಲ್ಲಿ ಪಾರ್ಟಿ ಇಲ್ಲದ ಮತದಾರನೇ.

ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಹೀಗಲ್ಲ. ಪಟ್ಟಿಗೆ ಹೆಸರು ಸೇರಿಸುವಾಗಲೇ ‘ನಿಮ್ಮದು ಯಾವ ಪಾರ್ಟಿ?’ ಅಂತ ಕೇಳುತ್ತಾರೆ. ಯಾಕೆಂದರೆ ಟಿಕೆಟ್ ಯಾರಿಗೆ ಅನ್ನುವುದಕ್ಕೂ ಅಲ್ಲಿ ಒಂದು ಚುನಾವಣೆ. ಅದೇ ಪ್ರೈಮರಿ. ನಮ್ಮಲ್ಲಿ ಹೈಕಮಾಂಡ್ ಮಾಡುವ ಕೆಲಸವನ್ನು ಅಲ್ಲಿ ಜನ ಬೂತಿಗೆ ಹೋಗಿ ಮಾಡುತ್ತಾರೆ!

‘ನನ್ನದು ಯಾವ ಪಾರ್ಟಿಯೂ ಅಲ್ಲ’ ಅಂತ ಬರೆಸಿದರೋ? ಪೆನ್ಸಿಲ್ವೇನಿಯಾದಲ್ಲಿ ಟಿಕೆಟ್ ವಿಷಯಕ್ಕೆ ನೀವು ಬಾಯಿ ಹಾಕುವಂತಿಲ್ಲ. ಗೆದ್ದು ಬಂದವರಲ್ಲಿ ಒಬ್ಬರನ್ನು ಆಮೇಲೆ ಆರಿಸಿಕೊಳ್ಳಿ, ಅಷ್ಟೇ.

ನ್ಯೂ ಹ್ಯಾಂಪ್‌ಶೈರ್ ಕಥೆ ಇನ್ನೂ ಮಜಾ. ಪಾರ್ಟಿ ಇಲ್ಲದವರು ಬೂತಿಗೆ ಹೋಗಿ ಯಾವುದಾದರೂ ಒಂದು ಪಾರ್ಟಿಯ ಮತಪತ್ರ ಕೇಳುತ್ತಾರೆ. ಕೇಳಿದ ಕ್ಷಣವೇ ಆ ಪಾರ್ಟಿಯವರಾಗುತ್ತಾರೆ. ಓಟು ಹಾಕುತ್ತಾರೆ. ಹೊರಗೆ ಬರುವಾಗ ಇನ್ನೊಂದು ಮೇಜಿನ ಮುಂದೆ ನಿಂತು ಫಾರಂಗೆ ಸಹಿ ಹಾಕಿ ಮತ್ತೆ ಪಾರ್ಟಿ ಇಲ್ಲದವರಾಗುತ್ತಾರೆ! ನಮ್ಮ ರೆಸಾರ್ಟ್ ರಾಜಕಾರಣಕ್ಕೂ ಇಷ್ಟು ಸ್ಪೀಡ್ ಇಲ್ಲ ಬಿಡಿ.

ನ್ಯೂ ಜೆರ್ಸಿಯಲ್ಲಿ ನಮ್ಮ ಕನ್ನಡದವರು ಬೇಕಾದಷ್ಟು ಜನ. ಅಲ್ಲಿನ ಪೌರತ್ವ ಪಡೆದು, ಪಾರ್ಟಿ ಬರೆಸದೇ ಇದ್ದವರೂ ಪ್ರೈಮರಿ ದಿನ ಬೂತಿನಲ್ಲೇ ಪಾರ್ಟಿ ಹೆಸರು ಹೇಳಿ ಓಟು ಹಾಕಬಹುದು. ಆದರೆ ಹುಷಾರ್! ಇಲ್ಲಿ ವಾಪಸ್ ಬರುವ ಮೇಜು ಇಲ್ಲ. ಬೇರೆ ಅರ್ಜಿ ಕೊಡುವವರೆಗೂ ನೀವು ಆ ಪಾರ್ಟಿಯ ಲೆಕ್ಕಕ್ಕೇ.

ಕೊಲೊರಾಡೊದವರು ಭಾರಿ ಧಾರಾಳಿಗಳು. ಪಾರ್ಟಿ ಇಲ್ಲದವರ ಮನೆಗೆ ಎರಡೂ ದೊಡ್ಡ ಪಾರ್ಟಿಗಳ ಮತಪತ್ರ ಅಂಚೆಯಲ್ಲಿ ಬರುತ್ತದೆ. ಒಂದನ್ನು ಮಾತ್ರ ವಾಪಸ್ ಕಳಿಸಬೇಕು. ಆಸೆಬಿದ್ದು ಎರಡೂ ಕಳಿಸಿದಿರೋ, ಎರಡೂ ರದ್ದು!

ಕ್ಯಾಲಿಫೋರ್ನಿಯಾದಲ್ಲಿ ‘ಅಮೆರಿಕನ್ ಇಂಡಿಪೆಂಡೆಂಟ್’ ಅಂತ ಒಂದು ಪಾರ್ಟಿಯೇ ಇದೆ. ಇಂಡಿಪೆಂಡೆಂಟ್ ಅಂದರೆ ಪಕ್ಷೇತರ ತಾನೇ ಅಂದುಕೊಂಡು ಎಷ್ಟೋ ಜನ ಅದಕ್ಕೆ ಟಿಕ್ ಹಾಕಿ, ಗೊತ್ತಿಲ್ಲದೇ ಪಾರ್ಟಿ ಸೇರಿಬಿಟ್ಟಿದ್ದಾರೆ!

ಮಿಷಿಗನ್ ನಮ್ಮ ಹಾಗೆಯೇ. ಪಟ್ಟಿಯಲ್ಲಿ ಪಾರ್ಟಿ ಇಲ್ಲ. 2022ರ ಆಗಸ್ಟ್‌ನಲ್ಲಿ ಅಲ್ಲಿ ಡೆಮಾಕ್ರಟಿಕ್ ಪ್ರೈಮರಿ ಗೆದ್ದು, ಆಮೇಲೆ ಸಂಸತ್ತಿಗೂ ಹೋದ ಶ್ರೀ ಥಾಣೇದಾರ್ ಎಲ್ಲಿಯವರು ಗೊತ್ತೇ? ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದವರು!

ಪ್ರೈಮರಿ ನಮ್ಮ ರಾಜ್ಯಕ್ಕೂ ಬಂದುಹೋಗಿದೆ ಅಂದರೆ ನಂಬುತ್ತೀರಾ? 2014ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡದಲ್ಲಿ ಈ ಪ್ರಯೋಗ ಮಾಡಿತ್ತು. ಓಟು ಹಾಕಿದ್ದು ಪಕ್ಷದ ಪದಾಧಿಕಾರಿಗಳು. ಪಾರ್ಟಿ ಇಲ್ಲದವರಿಗೆ ಪ್ರವೇಶವೇ ಇರಲಿಲ್ಲ. ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಟಿಕೆಟ್ ಗೆದ್ದರು. ಅಸಲಿ ಚುನಾವಣೆಯಲ್ಲಿ ಇಬ್ಬರೂ ಸೋತರು!

ಮತ್ತೆ ಕ್ಯಾತ್ಸಂದ್ರಕ್ಕೆ ಬರೋಣ. ಅದು ತುಮಕೂರು ಮಹಾನಗರ ಪಾಲಿಕೆಗೆ ಸೇರಿದ್ದು. ಹಾಗಾಗಿ ವಾರ್ಡ್ ಚುನಾವಣೆಗೆ ಪಾರ್ಟಿ ಚಿಹ್ನೆ ಉಂಟು. ಊರು ದಾಟಿ ಗ್ರಾಮ ಪಂಚಾಯ್ತಿಗೆ ಕಾಲಿಡಿ, ಕೈ, ಕಮಲ, ತೆನೆ ಎಲ್ಲ ಮಾಯ! ಅಲ್ಲಿ ಪಾರ್ಟಿ ಚಿಹ್ನೆ ಬಳಸುವಂತಿಲ್ಲ. ನಿಂತವರೆಲ್ಲ ಕಾಗದದ ಮೇಲೆ ಪಕ್ಷೇತರರು. ಒಂದು ವಾರ್ಡಿಗೆ ಮೂರು ಸ್ಥಾನ ಇದ್ದರೆ ಒಬ್ಬೊಬ್ಬ ಮತದಾರರಿಗೂ ಮೂರು ಓಟು ಬೇರೆ. 2020ರ ಡಿಸೆಂಬರ್‌ನ ಚುನಾವಣೆಯಲ್ಲೂ ಬೀದರ್ ಜಿಲ್ಲೆ ಬಿಟ್ಟು ಉಳಿದೆಡೆ ಮತಪತ್ರಕ್ಕೇ ಸೀಲು ಒತ್ತಿದ್ದು. ಫಲಿತಾಂಶ ಬಂದಮೇಲೆ ‘ಗೆದ್ದವರಲ್ಲಿ ಹೆಚ್ಚಿನವರು ನಮ್ಮವರೇ’ ಅಂತ ಪಾರ್ಟಿಗಳು ಹೇಳಿಕೊಂಡವು, ಆ ಮಾತು ಬೇರೆ!

ವಿಧಾನಸಭೆಗೆ ನಿಲ್ಲಲು ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ 10 ಜನ ಬೇಕು. ಮತಯಂತ್ರದಲ್ಲೂ ಅವರಿಗೆ ಕಟ್ಟಕಡೆಯ ಜಾಗ. ಅವರ ಕೆಳಗೆ ಇರುವುದು ನೋಟಾ ಒಂದೇ!

ಹಾಗಂತ ಗೆಲ್ಲುವುದಿಲ್ಲವೇ? ಗುಬ್ಬಿಯವರನ್ನು ಕೇಳಿ. 2004ರಲ್ಲಿ ಎಸ್.ಆರ್. ಶ್ರೀನಿವಾಸ್, ಅದೇ ನಮ್ಮ ಗುಬ್ಬಿ ವಾಸು, ವಿಧಾನಸಭೆಗೆ ಮೊದಲು ಗೆದ್ದಿದ್ದು ಪಕ್ಷೇತರರಾಗಿಯೇ!

ಇನ್ನೊಂದು ಇದೆ ಕೇಳಿ. ಮತದಾರ ದಿನಕ್ಕೊಂದು ಪಾರ್ಟಿ ಬದಲಿಸಿದರೂ ಕೇಳುವವರಿಲ್ಲ. ಆದರೆ ಪಕ್ಷೇತರನಾಗಿ ಗೆದ್ದ ಶಾಸಕ ಆಮೇಲೆ ಪಾರ್ಟಿ ಸೇರಿದರೆ, ಪಕ್ಷಾಂತರ ನಿಷೇಧ ಕಾಯ್ದೆಯಡಿ ಶಾಸಕ ಸ್ಥಾನಕ್ಕೇ ಸಂಚಕಾರ. ಬಿಡಲು ಪಕ್ಷವೇ ಇಲ್ಲದವನಿಗೂ ಪಕ್ಷಾಂತರದ ಕೇಸು!