ನಾಲ್ವರು ಹೊರಟಾಗ ವಿಮಾನದ ದರವೇಕೆ ಏರುತ್ತದೆ?

ಒಬ್ಬನ ಪ್ರಯಾಣಕ್ಕೆ 4,000 ರೂಪಾಯಿ ಬೇಕಾದರೆ ನಾಲ್ವರ ಪ್ರಯಾಣಕ್ಕೆ ಎಷ್ಟು ಬೇಕು? ತ್ರೈರಾಶಿಕವನ್ನು ಕಲಿತ ಬಾಲಕನು ತಡವರಿಸದೆ 16,000 ಎನ್ನುತ್ತಾನೆ. ಊರಿನ ಬಸ್ಸಿಗೆ ಈ ಉತ್ತರ ಸರಿ. ವಿಮಾನಕ್ಕೆ ಮಾತ್ರ ಅದು ಅನೇಕ ವೇಳೆ ತಪ್ಪಾಗುತ್ತದೆ. ಬೆಂಗಳೂರಿನಿಂದ ದೆಹಲಿಗೆ ಒಂದು ಆಸನವನ್ನು ಕೇಳಿದಾಗ 4,000 ರೂಪಾಯಿ ಎಂದ ಕಂಪ್ಯೂಟರು, ಅದೇ ವಿಮಾನದಲ್ಲಿ ಅದೇ ನಿಮಿಷ ನಾಲ್ಕು ಆಸನಗಳನ್ನು ಕೇಳಿದರೆ ತಲೆಗೆ 4,600 ಎನ್ನಬಹುದು, ಒಟ್ಟು 18,400. ಹೆಚ್ಚು ಕೊಂಡವನಿಗೆ ಅಗ್ಗವಾಗಿ ಕೊಡಬೇಕೆಂಬ ಸಂತೆಯ ನ್ಯಾಯ ಇಲ್ಲಿ ತಲೆಕೆಳಗಾದಂತೆ ತೋರುತ್ತದೆ. ಈ ಅಂಕಿಗಳನ್ನು ನಾವು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡಿದ್ದೇವೆ. ಆದರೆ ಸಂಗತಿ ನಿಜವಾದುದು. ಅದಕ್ಕೆ ಕಾರಣವೂ ಉಂಟು.

ವಿಮಾನದ ಆಸನವು ತರಕಾರಿಗಿಂತಲೂ ಬೇಗನೆ ಕೆಡುವ ಸರಕು. ಇಂದು ಉಳಿದ ಹುರುಳಿಕಾಯಿಯನ್ನು ವ್ಯಾಪಾರಿಯು ನಾಳೆ ಅರ್ಧ ಬೆಲೆಗಾದರೂ ಮಾರಿಯಾನು. ವಿಮಾನದ ಬಾಗಿಲು ಮುಚ್ಚಿದ ಮೇಲೆ ಖಾಲಿ ಉಳಿದ ಆಸನಕ್ಕೆ ಒಂದು ಕಾಸಿನ ಬೆಲೆಯೂ ಇಲ್ಲ. ಹೇಗೂ ಹಾರಲಿರುವ ವಿಮಾನಕ್ಕೆ ಇನ್ನೊಬ್ಬನನ್ನು ಹತ್ತಿಸಿಕೊಳ್ಳಲು ಆಗುವ ಹೆಚ್ಚಿನ ಖರ್ಚಾದರೋ ಅತ್ಯಲ್ಪ. ಆದುದರಿಂದ ಕಡಿಮೆ ದರಕ್ಕಾದರೂ ಆಸನವನ್ನು ತುಂಬುವುದು ಲೇಸು. ಆದರೆ ಎಲ್ಲ ಆಸನಗಳನ್ನೂ ಒಂದು ತಿಂಗಳು ಮುಂಚೆಯೇ ಅಗ್ಗವಾಗಿ ಮಾರಿಬಿಟ್ಟರೆ, ಹಿಂದಿನ ದಿನ ತುರ್ತು ಕೆಲಸಕ್ಕಾಗಿ ಬಂದು ಎರಡರಷ್ಟು ಹಣವನ್ನು ಕೊಡಲು ಸಿದ್ಧನಿರುವ ವರ್ತಕನಿಗೆ ಆಸನವೇ ಇರದು. ಹಾಗಾದರೆ ಎಷ್ಟು ಆಸನಗಳನ್ನು ಅಗ್ಗವಾಗಿ ಮಾರಬೇಕು, ಎಷ್ಟನ್ನು ಕಾದಿರಿಸಬೇಕು?

ಈ ಪ್ರಶ್ನೆಗೆ ಒಂದು ಅಚ್ಚುಕಟ್ಟಾದ ಉತ್ತರವನ್ನು 1972ರಲ್ಲಿ ಬ್ರಿಟಿಷ್ ಓವರ್‌ಸೀಸ್ ಏರ್‌ವೇಸ್ ಸಂಸ್ಥೆಯಲ್ಲಿದ್ದ ಕೆನ್ ಲಿಟಲ್‌ವುಡ್ ಎಂಬವರು ಕೊಟ್ಟರು. ಅಗ್ಗದ ದರ 4,000, ಮೇಲಿನ ದರ 8,000 ಎಂದಿರಲಿ. ಮೇಲಿನ ದರ ಕೊಡುವವರು ಕಡೇಪಕ್ಷ 10 ಮಂದಿ ಬರುವ ಸಂಭವನೀಯತೆ ಹತ್ತರಲ್ಲಿ ಒಂಬತ್ತು, 20 ಮಂದಿ ಬರುವುದು ಹತ್ತರಲ್ಲಿ ಐದು, 30 ಮಂದಿ ಬರುವುದು ಹತ್ತರಲ್ಲಿ ಒಂದು ಎಂದು ಹಿಂದಿನ ದಾಖಲೆಗಳಿಂದ ತಿಳಿದಿದೆ ಎನ್ನೋಣ. ಕಾದಿರಿಸಿದ ಹತ್ತನೆಯ ಆಸನದಿಂದ ನಿರೀಕ್ಷಿಸಬಹುದಾದ ಹಣ 8,000ದ ಹತ್ತನೇ ಒಂಬತ್ತು ಭಾಗ, ಎಂದರೆ 7,200. ಕೈಗೆ ಬರುವ 4,000ಕ್ಕಿಂತ ಇದು ಹೆಚ್ಚು. ಅದನ್ನು ಕಾದಿರಿಸುವುದೇ ಸರಿ. ಮೂವತ್ತನೆಯದರಿಂದ ನಿರೀಕ್ಷಿಸಬಹುದಾದುದು 800 ಮಾತ್ರ. ಅದನ್ನು ಕೂಡಲೆ ಅಗ್ಗಕ್ಕೆ ಮಾರಬೇಕು. ಇಪ್ಪತ್ತನೆಯದರಲ್ಲಿ ತಕ್ಕಡಿ ಸಮನಾಗುತ್ತದೆ. ಎಂದಮೇಲೆ 180 ಆಸನಗಳ ವಿಮಾನದಲ್ಲಿ 160ನ್ನು ಅಗ್ಗದ ದರಕ್ಕೆ ಬಿಟ್ಟು 20ನ್ನು ಕಾದಿರಿಸಬೇಕು. ಮುಂದೆ 1987ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಪೀಟರ್ ಬೆಲೊಬಾಬಾ ಅವರು ಈ ಬಗೆಯ ಎಣಿಕೆಯನ್ನು ಅನೇಕ ದರಗಳಿಗೆ ವಿಸ್ತರಿಸಿದರು. ಈ ಲೆಕ್ಕವನ್ನು ಪ್ರತಿದಿನವೂ ಪ್ರತಿ ವಿಮಾನಕ್ಕೂ ಮಾಡುವುದು ಮನುಷ್ಯರ ಕೈಯಲ್ಲಿ ಆಗುವ ಕೆಲಸವಲ್ಲ. ಅದು ಕಂಪ್ಯೂಟರಿನ ಪಾಲಿಗೆ ಬಂದಿತು.

ಅಮೆರಿಕದಲ್ಲಿ 1978ರ ಕಾನೂನು ವಿಮಾನ ದರಗಳನ್ನು ಸರಕಾರದ ಹಿಡಿತದಿಂದ ಬಿಡಿಸಿತು. ನಮ್ಮಲ್ಲಿ ಏರ್ ಕಾರ್ಪೊರೇಷನ್ಸ್ ಕಾಯಿದೆ 1994ರಲ್ಲಿ ರದ್ದಾಯಿತು. ಬೇಗ ಕೊಂಡವನಿಗೆ ಅಗ್ಗ ಎಂಬ ಮಾತು ಇಲ್ಲಿಯ ಸಾಮಾನ್ಯ ಜನರ ಕಿವಿಗೆ ಬಿದ್ದುದು, 2003ರಲ್ಲಿ ಬೆಂಗಳೂರಿನಲ್ಲಿ ಏರ್ ಡೆಕ್ಕನ್ ಆರಂಭವಾದ ಮೇಲೆ.

ಹೀಗೆ ಒಂದೇ ಬಗೆಯ ಆಸನಗಳು ಲೆಕ್ಕದ ಪುಸ್ತಕದಲ್ಲಿ ಮಾತ್ರ ಹಲವು ದರದ ಮೆಟ್ಟಿಲುಗಳಾಗಿ ಒಡೆಯುತ್ತವೆ. ಇಂತಹ ಆಸನ ಅಗ್ಗದ್ದು, ಇಂತಹುದು ದುಬಾರಿಯದು ಎಂದು ಯಾವುದರ ಮೇಲೂ ಗುರುತಿಲ್ಲ. ಇಂತಹ ದರಕ್ಕೆ ಇಷ್ಟು ಎಂಬ ಎಣಿಕೆ ಮಾತ್ರ ಉಂಟು. ಅಗ್ಗದ ಮೆಟ್ಟಿಲಿನ ಎಣಿಕೆಯು ಮೇಲಿನ ಮೆಟ್ಟಿಲಿನ ಎಣಿಕೆಯೊಳಗೆ ಅಡಗಿರುತ್ತದೆ. ಸೇರಿನೊಳಗೆ ಪಾವು, ಪಾವಿನೊಳಗೆ ಚಟಾಕು ಇಟ್ಟ ಹಾಗೆ.

ಈಗ ನಮ್ಮ ನಾಲ್ವರ ಕಡೆಗೆ ತಿರುಗೋಣ. 4,000ದ ಮೆಟ್ಟಿಲಿನಲ್ಲಿ ಎರಡೇ ಆಸನಗಳು ಉಳಿದಿವೆ. ಒಂದೇ ಬುಕಿಂಗಿನಲ್ಲಿ ನಾಲ್ಕನ್ನು ಕೇಳಿದಾಗ, ನಾಲ್ಕೂ ಒಟ್ಟಿಗೆ ದೊರೆಯುವ ಮೆಟ್ಟಿಲು ಯಾವುದೆಂದು ಕಂಪ್ಯೂಟರು ಸಾಮಾನ್ಯವಾಗಿ ಹುಡುಕುತ್ತದೆ. ಮೊದಲನೆಯದು ಸಾಲದು; 4,600ದ ಮೆಟ್ಟಿಲು ಸಾಕಾಗುತ್ತದೆ. ನಾಲ್ವರಿಗೂ ಅದೇ ದರ ಬೀಳುತ್ತದೆ. ಅಗ್ಗದ ಎರಡು ಆಸನಗಳು ಮುಂದೆ ಬರುವವನಿಗಾಗಿ ಹಾಗೆಯೇ ಉಳಿಯುತ್ತವೆ! ಇದರಲ್ಲಿ ಮೋಸವೇನೂ ಇಲ್ಲ. ಒಂದು ಬುಕಿಂಗಿಗೆ ಒಂದು ದರವೆಂಬ ಪದ್ಧತಿಯ ಫಲವಿದು.

ಪರಿಹಾರವು ಪ್ರಯೋಗಶಾಲೆಯ ಕ್ರಮದಂತೆಯೇ ಇದೆ. ಮೊದಲು ಒಂದು ಆಸನವನ್ನು ಕೇಳಿ ನೋಡಬೇಕು. ಬಳಿಕ ಎರಡು, ಮೂರು, ನಾಲ್ಕು. ತಲೆಯ ದರ ಎಲ್ಲಿ ಜಿಗಿಯುತ್ತದೆಯೋ ಅಲ್ಲಿ ಮೆಟ್ಟಿಲು ಇದೆ. ಎರಡರವರೆಗೆ 4,000 ಇದ್ದು ಮೂರಕ್ಕೆ 4,600 ಆದರೆ, ಇಬ್ಬರಿಗೆ ಒಂದು ಬುಕಿಂಗು, ಉಳಿದ ಇಬ್ಬರಿಗೆ ಇನ್ನೊಂದು. 8,000ಕ್ಕೆ 9,200 ಕೂಡಿದರೆ 17,200, ಉಳಿತಾಯ 1,200. ಜಿಗಿತವೇ ಕಾಣದಿದ್ದರೆ ಒಡೆಯುವುದರಿಂದ ಪ್ರಯೋಜನವಿಲ್ಲ. ನೋಡಬೇಕಾದುದು ಮೊದಲು ಕಾಣುವ ದರವನ್ನಲ್ಲ, ಹಣ ಕಟ್ಟುವ ಕೊನೆಯ ಪುಟದ ಮೊತ್ತವನ್ನು. ಬುಕಿಂಗಿಗೆ ಇಷ್ಟೆಂದು ಶುಲ್ಕ ವಿಧಿಸುವ ಕಡೆ ಅದನ್ನು ಎರಡು ಬಾರಿ ತೆರಬೇಕಾಗುತ್ತದೆ. ಮೊದಲ ಟಿಕೆಟ್ಟು ಕೊಂಡು ಎರಡನೆಯದಕ್ಕೆ ಬರುವಷ್ಟರಲ್ಲಿ ದರ ಬದಲಾಗಲೂಬಹುದು. ಮನೆಯ ಇಬ್ಬರು ಎರಡು ಫೋನುಗಳಲ್ಲಿ ಒಟ್ಟಿಗೆ ಕುಳಿತು ಕೊಳ್ಳುವುದು ಜಾಣತನ.

ಇದಕ್ಕೂ ಮುಂಚೆ ಅದೇ ದಿನದ ಬೇರೆ ವಿಮಾನಗಳನ್ನೊಮ್ಮೆ ನೋಡಬೇಕು. ಮಧ್ಯಾಹ್ನದ ವಿಮಾನದಲ್ಲಿ ನಾಲ್ವರಿಗೂ 4,200 ಇದ್ದರೆ ಒಟ್ಟು 16,800 ಮಾತ್ರ. ಒಡೆಯುವುದಕ್ಕಿಂತ ಅದೇ ಅಗ್ಗ, ಮೇಲಾಗಿ ಒಟ್ಟಿಗಿರುವ ನೆಮ್ಮದಿ.

ನೆಮ್ಮದಿಯ ಮಾತನ್ನು ನಾವು ಸುಮ್ಮನೆ ಆಡಲಿಲ್ಲ. ಎರಡು ಬುಕಿಂಗುಗಳಾದ ಕ್ಷಣದಿಂದ ವಿಮಾನ ಸಂಸ್ಥೆಯ ಪಾಲಿಗೆ ನೀವು ಪರಸ್ಪರ ಸಂಬಂಧವಿಲ್ಲದ ಎರಡು ತಂಡಗಳು. ಮಂಜು ಕವಿದು ವಿಮಾನ ರದ್ದಾದರೆ ಇಬ್ಬರಿಗೆ ಸಂಜೆಯ ವಿಮಾನದಲ್ಲೂ ಇನ್ನಿಬ್ಬರಿಗೆ ಮರುದಿನದ ವಿಮಾನದಲ್ಲೂ ಸ್ಥಳ ದೊರೆಯಬಹುದು. ಜೊತೆಯವರೆಂದು ಗುರುತು ಹಾಕಿಸಿಕೊಳ್ಳಲು ಕೇಳಬಹುದು. ಅದನ್ನೇ ನಂಬಿ ಕೂರುವಂತಿಲ್ಲ. ಚಿಕ್ಕ ಮಕ್ಕಳನ್ನು ಯಾವಾಗಲೂ ತಂದೆಯ ಅಥವಾ ತಾಯಿಯ ಬುಕಿಂಗಿನಲ್ಲಿಯೇ ಸೇರಿಸಬೇಕು. ಭಾಷೆ ಬಾರದ ಊರಿಗೆ ಮೊದಲ ಸಲ ಹೊರಟ ಅಜ್ಜಿಯನ್ನು ಮೊಮ್ಮಗನಿಂದ ಬೇರ್ಪಡಿಸಿ 300 ರೂಪಾಯಿ ಉಳಿಸುವುದು ನಮ್ಮ ಅಭಿಪ್ರಾಯದಲ್ಲಿ ಉಳಿತಾಯವೇ ಅಲ್ಲ. ಪರೀಕ್ಷೆ ಮುಗಿಸಿ ಊರು ನೋಡಲು ಹೊರಟ ನಾಲ್ವರು ಗೆಳೆಯರಾದರೆ ಧಾರಾಳವಾಗಿ ಒಡೆಯಬಹುದು.

ಒಂದು ಬುಕಿಂಗಿನಲ್ಲಿ ಸಾಮಾನ್ಯವಾಗಿ ಒಂಬತ್ತು ಮಂದಿಗೆ ಮಾತ್ರ ಅವಕಾಶ. ಅದಕ್ಕೂ ಹೆಚ್ಚಿನವರಿದ್ದರೆ ಗುಂಪಿನ ದರವನ್ನು ಪ್ರತ್ಯೇಕವಾಗಿ ಕೇಳಬೇಕು. ಗುಂಪಿನ ದರವೆಂದರೆ ಕಡಿಮೆ ದರವೆಂದು ಎಣಿಸಕೂಡದು. ಎಷ್ಟೋ ವೇಳೆ ಅದು ಹೆಚ್ಚೇ ಇರುತ್ತದೆ. ಹೆಸರುಗಳನ್ನು ಆಮೇಲೆ ಕೊಡಬಹುದೆಂಬುದು ಅದರ ಮುಖ್ಯ ಅನುಕೂಲ. ಹನ್ನೆರಡು ಮಂದಿಯ ಕಾಲೇಜು ತಂಡವು ಪಂದ್ಯಕ್ಕೆ ಹೊರಡುವುದಾದರೆ, ಗುಂಪಿನ ದರವನ್ನು ಬರೆಸಿಕೊಂಡು, ನಾಲ್ವರಂತೆ ಮೂರು ಬುಕಿಂಗುಗಳಿಗೆ ಎಷ್ಟಾಗುತ್ತದೆಂದು ಅದೇ ಹೊತ್ತಿನಲ್ಲಿ ನೋಡಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು.