ವಾರ್ಡಿನ ಮೇಜಿನ ಮೇಲಿನ ಲೆಕ್ಕ: ಸಿಸ್ಟರ್ ಬರೆಯುವುದೇನು, ಕೇಳುವುದೇಕೆ?

ಮುಂಬಯಿ: ಪರೇಲ್‌ನ ಕೆ.ಇ.ಎಂ., ಸಾಯನ್, ಮುಂಬಯಿ ಸೆಂಟ್ರಲ್‌ನ ನಾಯರ್ - ಮಹಾನಗರ ಪಾಲಿಕೆಯ ಈ ದೊಡ್ಡಾಸ್ಪತ್ರೆಗಳ ಮೆಟ್ಟಿಲು ಹತ್ತದ ತುಳು-ಕನ್ನಡಿಗ ಕುಟುಂಬ ನಗರದಲ್ಲಿ ವಿರಳ. ಅಲ್ಲಿ ಬಂಧುಗಳನ್ನು ನೋಡಲು ಹೋದವರದ್ದು ಒಂದು ಸಾಮಾನ್ಯ ದೂರು: ಸಿಸ್ಟರ್ ರೋಗಿಯ ಬಳಿ ನಿಲ್ಲುವುದಕ್ಕಿಂತ ಮೇಜಿನ ಮುಂದೆ ಕುಳಿತು ಬರೆಯುವುದೇ ಹೆಚ್ಚು. ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಆ ಬರವಣಿಗೆ ನಿಂತರೆ ವಾರ್ಡೇ ನಿಲ್ಲುತ್ತದೆ.

ಪಾಳಿ ಬದಲಾಗುವಾಗ ನಡೆಯುವ 'ಓವರ್' ಇದಕ್ಕೆ ಸಾಕ್ಷಿ. ರಾತ್ರಿ ಪಾಳಿಯವರು ಬೆಳಗಿನವರಿಗೆ ಹಾಸಿಗೆಯಿಂದ ಹಾಸಿಗೆಗೆ ನಡೆದು ವಿಷಯ ಒಪ್ಪಿಸುತ್ತಾರೆ. ಯಾರಿಗೆ ಜ್ವರ ಏರಿತು, ಯಾರ ರಕ್ತದ ವರದಿ ಬರಬೇಕಿದೆ, ಯಾರನ್ನು ಆಪರೇಷನ್‌ಗೆ ಒಯ್ಯಬೇಕು, ಯಾರಿಗೆ ನೀರೂ ಕೊಡಬಾರದು. ಕೊನೆಯ ಮಾತೊಂದು ತಪ್ಪಿಹೋಗಿ, ಪ್ರೀತಿಯ ಬಂಧುವೊಬ್ಬರು ಲೋಟ ಚಹಾ ಕುಡಿಸಿದರೆ ಅಂದಿನ ಆಪರೇಷನ್ ಮುಂದಕ್ಕೆ ಹೋದಂತೆಯೇ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಸಂಸ್ಥೆ 2006ರಲ್ಲಿ ಈ ಒಪ್ಪಿಸುವಿಕೆಗೆ ನಿಗದಿತ ಕ್ರಮವಿರಬೇಕೆಂದು ರೋಗಿ ಸುರಕ್ಷತೆಯ ಗುರಿಗಳಲ್ಲೇ ಸೇರಿಸಿತು.

ರೋಗಿಯ ವಿಷಯ ಒಂದು ಪಾಲು. ವಾರ್ಡಿನ ವಿಷಯ ಇನ್ನೊಂದು. ಮಧ್ಯರಾತ್ರಿಯ 'ಸೆನ್ಸಸ್' ಎಂದರೆ ಹಿಂದಿನ ದಿನ ಇದ್ದವರಿಗೆ ಹೊಸದಾಗಿ ಬಂದವರನ್ನು ಕೂಡಿಸಿ, ಮನೆಗೆ ಹೋದವರು, ಬೇರೆ ವಾರ್ಡಿಗೆ ಹೋದವರು, ತೀರಿಕೊಂಡವರನ್ನು ಕಳೆಯುವ ಲೆಕ್ಕ. ಅಡುಗೆಮನೆಗೆ ಹೋಗುವ ಊಟದ ಸಂಖ್ಯೆಗೂ ಮರುದಿನ ಎಷ್ಟು ದಾದಿಯರು ಬೇಕೆಂಬ ನಿರ್ಧಾರಕ್ಕೂ ಇದೇ ಆಧಾರ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ದಾದಿ ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ನೆಲದ ಮೇಲೂ ಹಾಸಿಗೆ ಹಾಸುವ ವಾರ್ಡುಗಳಲ್ಲಿ ಆ ಮಾನದಂಡ ಕಾಗದದಲ್ಲೇ ಉಳಿಯುತ್ತದೆ ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಇದರ ಮೇಲೆ ಔಷಧಿಯ ಇಂಡೆಂಟ್, ಕೆಟ್ಟ ಮಾನಿಟರಿನ ದುರಸ್ತಿ, ರಜೆ ಹಾಕಿದ ಮಾವಶಿಯ ಬದಲಿ, ಮಾರ್ಫಿನ್‌ನಂಥ ಮದ್ದಿನ ಪ್ರತ್ಯೇಕ ರಿಜಿಸ್ಟರ್. ಎಲ್ಲದಕ್ಕೂ ಉತ್ತರ ಹೇಳಬೇಕಾದವರು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಒಬ್ಬರೇ. ಕೆಲವೆಡೆ ಕಂಪ್ಯೂಟರ್ ಬಂದಿದೆ. ರಿಜಿಸ್ಟರ್ ಮಾತ್ರ ಹೋಗಿಲ್ಲವಾದ್ದರಿಂದ ಒಂದೇ ವಿಷಯವನ್ನು ಎರಡು ಬಾರಿ ಬರೆಯುವ ಕಷ್ಟವೂ ಸೇರಿಕೊಂಡಿದೆ.

ಸರಿಯಾದ ಮಾಹಿತಿ ಹೊತ್ತಿಗೆ ಸಿಗುವುದರ ಬೆಲೆ ಮುಂಬಯಿಗರಿಗೆ ತಿಳಿದದ್ದು ಕೋವಿಡ್ ಕಾಲದಲ್ಲಿ. 2020ರಲ್ಲಿ ಹಾಸಿಗೆ ಹುಡುಕುತ್ತ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದವರ ಗೋಳು ಮರೆಯುವಂಥದ್ದಲ್ಲ. ಆ ಬಳಿಕ ಪಾಲಿಕೆಯು ತನ್ನ 24 ಆಡಳಿತ ವಿಭಾಗಗಳಲ್ಲೂ ವಾರ್ ರೂಮ್ ತೆರೆದು, ಖಾಲಿ ಹಾಸಿಗೆಯ ಲೆಕ್ಕ ಹಿಡಿದು ರೋಗಿಗಳನ್ನು ಕಳುಹಿಸತೊಡಗಿತು. 2021ರ ಏಪ್ರಿಲ್‌ನಲ್ಲಿ ಆಮ್ಲಜನಕ ಮುಗಿಯುತ್ತಿದೆ ಎಂಬ ವಿಷಯ ಸಮಯಕ್ಕೆ ಸರಿಯಾಗಿ ತಿಳಿದದ್ದರಿಂದಲೇ ಆರು ಆಸ್ಪತ್ರೆಗಳಿಂದ 168 ರೋಗಿಗಳನ್ನು ರಾತೋರಾತ್ರಿ ಬೇರೆಡೆಗೆ ಸಾಗಿಸಲು ಸಾಧ್ಯವಾಯಿತು. ಮರುತಿಂಗಳು ಸರ್ವೋಚ್ಚ ನ್ಯಾಯಾಲಯವೂ ಮುಂಬಯಿಯ ವ್ಯವಸ್ಥೆಯನ್ನು ಪ್ರಶಂಸಿಸಿತು. ಹಾಸಿಗೆಯ ಆ ಲೆಕ್ಕದ ಮೂಲ ಅಂಕಿ ಹೊರಟದ್ದು ವಾರ್ಡಿನ ಮೇಜಿನಿಂದಲೇ.

ಇನ್ನು ರೋಗಿಯ ಕಡೆಯವರ ಪಾಲು. ಊರಿನಿಂದ ಚಿಕಿತ್ಸೆಗೆಂದು ಬಂದ ಹಿರಿಯರಿಗೆ ಮರಾಠಿ, ಹಿಂದಿ ಬರುವುದಿಲ್ಲ. 'ಎದೆ ಉರಿ' ಎಂದದ್ದು 'ಎದೆ ನೋವು' ಎಂದು ಕೇಸ್ ಪೇಪರಿನಲ್ಲಿ ಸೇರಿದರೆ ತಪಾಸಣೆಯ ದಾರಿಯೇ ಬೇರೆಯಾಗುತ್ತದೆ. ಕರಾವಳಿಯ ದಾದಿಯರು ಸಿಕ್ಕರೆ ಅದೃಷ್ಟ. ಅವರ ಪಾಳಿ ಮುಗಿದ ಮೇಲೆ ಯಾರು? ಕನ್ನಡ ಸಂಘಗಳ ಆರೋಗ್ಯ ಸಮಿತಿಗಳು ರಕ್ತದಾನ ಶಿಬಿರದ ಜತೆಗೆ, ಭಾಷೆ ಬಲ್ಲ ಸ್ವಯಂಸೇವಕರ ಒಂದು ಪಟ್ಟಿ ಇಟ್ಟುಕೊಂಡರೆ ಅದು ಸಣ್ಣ ಉಪಕಾರವಲ್ಲ.

ದಾಖಲಾತಿಯ ಹೊತ್ತಿಗೆ ಸಿಸ್ಟರ್ ಕೇಳುವುದು ಬಹುಪಾಲು ಇವಿಷ್ಟೇ: ಯಾವ ಮದ್ದು ಒಗ್ಗುವುದಿಲ್ಲ, ಸಕ್ಕರೆ-ರಕ್ತದೊತ್ತಡದ ಯಾವ ಗುಳಿಗೆ ಎಷ್ಟು ಹೊತ್ತಿಗೆ, ಹಿಂದೆ ಆದ ಆಪರೇಷನ್ ಯಾವುದು, ರಾತ್ರಿ ಕರೆದರೆ ಯಾರು ಬರುತ್ತಾರೆ. 'ಬಿಳಿ ಗುಳಿಗೆ, ಕೆಂಪು ಗುಳಿಗೆ' ಎಂಬ ಉತ್ತರದಿಂದ ಅವರಿಗೆ ಪ್ರಯೋಜನವಿಲ್ಲ. ಗುಳಿಗೆಯ ಪಟ್ಟಿಯನ್ನೇ ಹೆಸರಿರುವ ತುದಿ ಕತ್ತರಿಸದೆ, ಹಳೆಯ ಡಿಸ್ಚಾರ್ಜ್ ಕಾರ್ಡಿನೊಂದಿಗೆ ಒಂದು ಚೀಲದಲ್ಲಿ ಹಾಕಿಟ್ಟರೆ ಸಾಕು. ಉಳಿದ ವಿವರಗಳನ್ನು ಬರೆದಿಡುವವರು ಕನ್ನಡದ ಜತೆ ಇಂಗ್ಲಿಷ್ ಇಲ್ಲವೇ ಮರಾಠಿಯಲ್ಲೂ ಬರೆದಿಡುವುದು ಒಳ್ಳೆಯದು. ಅದನ್ನು ಓದಬೇಕಾದವರು ಮನೆಯವರಲ್ಲ, ರಾತ್ರಿ ಪಾಳಿಯ ಸಿಸ್ಟರ್.